ಓದಲು ಅವಳು ಬೇಕು, ತೀರ್ಮಾನಕ್ಕೆ ಬೇಡ

ಭಾನುವಾರ ನಮ್ಮ ಕಡೆಯ ಒಂದು ಮಹಿಳಾ ಶರೀಅತ್ ಕಾಲೇಜಿನ ಸನದುದಾನಕ್ಕೆ, ಅಂದರೆ ಪದವಿ ಪ್ರದಾನಕ್ಕೆ, ಹೋಗಿದ್ದೆ. ತಂಗಿಯ ಮಗಳಿಗೂ ಸನದು ಇತ್ತು. ಫಿಕ್ಹ್ (ಧರ್ಮಶಾಸ್ತ್ರ), ಹದೀಸ್ (ಪ್ರವಾದಿಯವರ ನಡೆನುಡಿ), ತಫ್ಸೀರ್ (ಕುರ್‌ಆನ್ ವ್ಯಾಖ್ಯಾನ), ಅರಬಿ ವ್ಯಾಕರಣ ಎಂದು ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ ಹುಡುಗಿ. ವೇದಿಕೆಯ ತುಂಬ ಗಂಡಸರು. ಹುಡುಗಿಯರೆಲ್ಲ ಪಕ್ಕದ ಹಾಲ್‌ನಲ್ಲಿ, ಪರದೆಯಾಚೆ. ಸನದನ್ನು ಅವರ ಪರವಾಗಿ ಅಪ್ಪಂದಿರು ಪಡೆದುಕೊಂಡರು. ಪರದೆಯ ಬಗ್ಗೆ ನನ್ನ ತಕರಾರಿಲ್ಲ, ನನ್ನನ್ನು ಬಲ್ಲವರಿಗೆ ಅದು ಗೊತ್ತು. ನನಗೆ ತಡೆಯಲಾಗದ್ದು ಅಲ್ಲಿ ಕೇಳಿದ ಒಂದು ಭಾಷಣ.

ಭಾಷಣ ಮಾಡಿದವರು ಮೊರಾಕ್ಕೊದ ಉದಾಹರಣೆ ಕೊಟ್ಟರು. ಅಲ್ಲಿ ಮಸೀದಿಗಳಲ್ಲಿ ಹೆಣ್ಣುಮಕ್ಕಳು ದರ್ಸ್, ಅಂದರೆ ಧರ್ಮಪಾಠ, ಕೊಡುತ್ತಾರೆ, ಸರಕಾರವೇ ಅವರನ್ನು ನೇಮಿಸುತ್ತದೆ, ಇಸ್ಲಾಮ್ ಹೆಣ್ಣಿಗೆ ಕೊಟ್ಟ ಗೌರವ ಎಂಥದ್ದು ನೋಡಿ ಎಂದರು. ಎಲ್ಲರೂ ತಲೆದೂಗಿದರು, ನಾನೂ ತಲೆದೂಗಿದೆ. ಅದೇ ಭಾಷಣದ ಕೊನೆಗೆ ಪರದೆಯ ಕಡೆ ತಿರುಗಿ, "ಕಲಿತದ್ದನ್ನು ಮನೆಯಲ್ಲಿ ಮಕ್ಕಳಿಗೆ ಕಲಿಸಿ, ಮಸ್‌ಅಲ ಹೇಳುವ ಕೆಲಸ ಉಸ್ತಾದರಿಗೆ ಬಿಡಿ" ಎಂದರು. ಮಸ್‌ಅಲ ಎಂದರೆ ಧರ್ಮದ ಪ್ರಶ್ನೆಗೆ ಹೇಳುವ ತೀರ್ಮಾನ. ಹಾಗಾದರೆ ಈ ಮಕ್ಕಳಿಗೆ ಕೊಟ್ಟ ಸನದು ಯಾತಕ್ಕೆ? ಅಂದಿನಿಂದ ಆ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ.

ಮೊರಾಕ್ಕೊದ ಹೆಸರು ಎತ್ತಿದ್ದೀರಲ್ಲ, ಅಲ್ಲಿ ಆಗಿದ್ದನ್ನು ಪೂರ್ತಿ ಹೇಳಿ.

2003ರ ಮೇ 16ರಂದು ಕಾಸಾಬ್ಲಾಂಕಾದಲ್ಲಿ ಆತ್ಮಾಹುತಿ ಬಾಂಬ್ ದಾಳಿಗಳು ನಡೆದವು. ಮೂವತ್ತಕ್ಕೂ ಹೆಚ್ಚು ಅಮಾಯಕರು ಸತ್ತರು. ಬಾಂಬ್ ಕಟ್ಟಿಕೊಂಡು ಬಂದ ಹುಡುಗರು ಅದೇ ಊರಿನ ಕೊಳೆಗೇರಿಯವರು. ದೊರೆ ಆರನೇ ಮುಹಮ್ಮದ್ ಧಾರ್ಮಿಕ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಲು ಹೊರಟರು. ಆ ವರ್ಷದ ರಮಝಾನಿನಲ್ಲಿ ಅರಮನೆಯ ಉಪನ್ಯಾಸ ಮಾಲೆಯಲ್ಲಿ ದೊರೆಯ ಎದುರು, ದೇಶದ ದೊಡ್ಡ ದೊಡ್ಡ ಉಲಮಾಗಳ, ಅಂದರೆ ಧರ್ಮ ವಿದ್ವಾಂಸರ, ಎದುರು, ರಜಾ ನಾಜಿ ಮಕ್ಕಾವಿ ಎಂಬ ಕಾನೂನು ಪ್ರಾಧ್ಯಾಪಕಿ ಮಾತಾಡಿದರು. ಅಲ್ಲಿ ಹಾಗೆ ಮಾತಾಡಿದ ಮೊದಲ ಹೆಂಗಸು ಅವರು. ಮರುವರ್ಷ ಉನ್ನತ ಉಲಮಾ ಮಂಡಳಿಗೆ ಫಾತಿಮಾ ಕಬ್ಬಾಜ್ ಅವರ ನೇಮಕವಾಯಿತು. 2006ರಲ್ಲಿ 50 ಮುರ್ಶಿದಾಗಳ, ಅಂದರೆ ಧರ್ಮ ಮಾರ್ಗದರ್ಶಕಿಯರ, ಮೊದಲ ತಂಡ ಹೊರಬಂತು. ಮಸೀದಿ, ಜೈಲು, ಆಸ್ಪತ್ರೆ, ಶಾಲೆಗಳಿಗೆ ಅವರು ಹೋದರು. ಮುಟ್ಟಿನ ದಿನಗಳ ನಮಾಝಿನಿಂದ ಹಿಡಿದು ಹೊಡೆಯುವ ಗಂಡನವರೆಗೆ, ಗಂಡಸರ ಮುಂದೆ ಬಾಯಿಗೆ ಬಾರದ ಪ್ರಶ್ನೆಗಳನ್ನು ಹೆಂಗಸರು ಅವರ ಬಳಿ ಕೇಳುತ್ತಾರೆ.

ಇದನ್ನೆಲ್ಲ ಓದಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು, ಈಗಲೂ ಇದೆ. ಆದರೆ ಭಾಷಣದಲ್ಲಿ ಬಾರದ ಭಾಗವೂ ಒಂದಿದೆ. ಮುರ್ಶಿದಾ ನಮಾಝಿನ ಮುಂದಾಳತ್ವ (ಇಮಾಮತ್) ವಹಿಸುವಂತಿಲ್ಲ, ಶುಕ್ರವಾರದ ಖುತುಬಾ (ಪ್ರವಚನ) ಓದುವಂತಿಲ್ಲ, ಫತ್ವಾ ಕೊಡುವಂತಿಲ್ಲ. ತರಬೇತಿಗೆ ಸೇರುವ ಗಂಡಸರಿಗೆ ಪೂರ್ತಿ ಕುರ್‌ಆನ್ ಬಾಯಿಪಾಠವಾಗಿರಬೇಕು, ಹೆಂಗಸರಿಗೆ ಅರ್ಧ ಸಾಕು ಎಂದು ನಿಯಮ ಮಾಡಿದರು. ಇದನ್ನು ರಿಯಾಯಿತಿ ಎನ್ನುತ್ತಾರೆ. ನನಗೆ ಇದು ಅವಮಾನವಾಗಿ ಕಾಣುತ್ತದೆ. ನಮ್ಮ ಮನೆಗಳಲ್ಲೇ ಮೂವತ್ತು ಜುಝು, ಅಂದರೆ ಇಡೀ ಕುರ್‌ಆನ್, ಬಾಯಿಪಾಠ ಮಾಡಿದ ಹೆಣ್ಣುಮಕ್ಕಳಿದ್ದಾರೆ. ಅಂಥವಳಿಂದ ಅರ್ಧವನ್ನಷ್ಟೇ ಕೇಳುವುದು, ಆಮೇಲೆ ನಿನ್ನ ವಿದ್ಯೆ ಅರ್ಧವೇ ಎಂದು ಕೂರಿಸುವುದು ಎಲ್ಲಿಯ ನ್ಯಾಯ?

ಕೇಳಿದರೆ ಒಂದು ಉತ್ತರ ಸಿದ್ಧವಿರುತ್ತದೆ: ಪ್ರವಾದಿಯವರ ಪತ್ನಿ ಆಯಿಶಾ ಬೀವಿಯವರ ಕಾಲದಲ್ಲೇ ಇಸ್ಲಾಮ್ ಇದನ್ನೆಲ್ಲ ಕೊಟ್ಟಿದೆ. ಕೊಟ್ಟಿದೆ, ಒಪ್ಪುತ್ತೇನೆ. ಅವರಿಂದ ಬಂದ ಹದೀಸುಗಳು 2,200ಕ್ಕೂ ಹೆಚ್ಚು. ಹಿರಿಯ ಸಹಾಬಿಗಳು, ಅಂದರೆ ಪ್ರವಾದಿಯವರ ಸಂಗಾತಿಗಳು, ತಮಗೆ ತೋಚದ್ದನ್ನು ಅವರ ಬಳಿ ಕೇಳುತ್ತಿದ್ದರು, ಅವರು ಬೇರೆಯವರ ತಪ್ಪನ್ನು ತಿದ್ದುತ್ತಿದ್ದರು ಕೂಡ. ನನ್ನ ಸಿಟ್ಟು ಇರುವುದೇ ಅಲ್ಲಿ. ಆಗ ಇದ್ದದ್ದು ಈಗ ಎಲ್ಲಿ ಹೋಯಿತು? ಯಾರು ತೆಗೆದರು? ಆ ಹೆಸರನ್ನು ಭಾಷಣದಲ್ಲಿ ಹೇಳುವವರು ತಮ್ಮ ಜಮಾಅತಿನ, ಅಂದರೆ ಊರ ಮಸೀದಿ ಸಮುದಾಯದ, ಕಮಿಟಿಯಲ್ಲಿ ಒಬ್ಬ ಹೆಂಗಸಿಗೆ ಕುರ್ಚಿ ಹಾಕುವುದಿಲ್ಲ.

ಮೊರಾಕ್ಕೊದಲ್ಲಿ ಹೆಂಗಸರ ಬದುಕು ನಿಜವಾಗಿ ಬದಲಾದದ್ದು ಕಾನೂನು ಬದಲಾದಾಗ. 2004ರ ಹೊಸ ಮುದವ್ವನದಲ್ಲಿ, ಅಂದರೆ ಅಲ್ಲಿನ ಕುಟುಂಬ ಕಾನೂನಿನಲ್ಲಿ, ಹುಡುಗಿಯ ಮದುವೆ ವಯಸ್ಸು 15ರಿಂದ 18ಕ್ಕೆ ಏರಿತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂಬ ಮಾತು ಹೋಗಿ, ಮನೆಯ ಹೊಣೆ ಇಬ್ಬರದೂ ಎಂದಾಯಿತು. ತಲಾಖ್ ಕೋರ್ಟಿನ ಮೂಲಕವೇ ಆಗಬೇಕು, ಎರಡನೇ ಮದುವೆಗೆ ನ್ಯಾಯಾಧೀಶರ ಅನುಮತಿ ಬೇಕು. ಪ್ರಾಯಕ್ಕೆ ಬಂದ ಹೆಣ್ಣು ವಲಿ, ಅಂದರೆ ಅಪ್ಪನಂಥ ರಕ್ಷಕ ಗಂಡಸು, ಇಲ್ಲದೆಯೂ ತನ್ನ ನಿಕಾಹ್ ಮಾಡಿಕೊಳ್ಳಬಹುದು. ವಲಿ ಬೇಕೇ ಬೇಕು ಎನ್ನುವ ಶಾಫಿ ಪಂಥದ ಕರಾವಳಿಯ ಮನೆಗಳಲ್ಲಿ ಬೆಳೆದವರಿಗೆ ಈ ಕೊನೆಯದು ಎಷ್ಟು ದೊಡ್ಡ ವಿಷಯ ಎಂದು ಗೊತ್ತು. ಮೊರಾಕ್ಕೊದವರು ಮಾಲಿಕಿ ಪಂಥದವರು, ಅವರ ಮದ್‌ಹಬಿನಲ್ಲೂ ವಲಿ ಬೇಕು. ಅವರು ವಲಿ ಕಡ್ಡಾಯವಲ್ಲ ಎನ್ನುವ ಹನಫಿ ಪಂಥದ ಅಭಿಪ್ರಾಯವನ್ನು ತೆಗೆದುಕೊಂಡರು. ಧರ್ಮದ ಹೊರಗೆ ಹೋಗಲಿಲ್ಲ, ಧರ್ಮದೊಳಗೇ ಇದ್ದ ಇನ್ನೊಂದು ಬಾಗಿಲು ತೆರೆದರು. ಇನ್ನೊಂದು ಬಾಗಿಲಿದೆ ಎಂದು ಹೇಳಲು ಕಿತಾಬು ಓದಿದ ಹೆಂಗಸರು ಬೇಕು, ಅವರ ಮಾತಿಗೆ ಬೆಲೆಯೂ ಬೇಕು.

"ಹೆಂಗಸರೇ ಇದನ್ನು ಕೇಳುತ್ತಿಲ್ಲ" ಎಂದು ಕೆಲವರು ಹೇಳುತ್ತಾರೆ. 2000ದ ಮಾರ್ಚಿನಲ್ಲಿ ಒಂದೇ ದಿನ ಎರಡು ಮೆರವಣಿಗೆ ನಡೆದಿದ್ದು ನಿಜ. ಮೊರಾಕ್ಕೊದ ರಾಜಧಾನಿ ರಬಾತಿನಲ್ಲಿ ಕುಟುಂಬ ಕಾನೂನಿನ ಸುಧಾರಣೆಯ ಪರ, ಕಾಸಾಬ್ಲಾಂಕಾದಲ್ಲಿ ವಿರೋಧ. ವಿರೋಧದ್ದೇ ದೊಡ್ಡದು, ಅದರಲ್ಲಿ ಸಾವಿರಾರು ಹೆಂಗಸರೂ ಇದ್ದರು. ಸರಿ. ಆದರೆ ಕಾನೂನು ಸಂಸತ್ತಿಗೆ ಬಂದಾಗ ವಿರೋಧಿಸಿದ್ದ ಪಕ್ಷವೂ ಸೇರಿ ಸರ್ವಾನುಮತದಿಂದ ಪಾಸಾಯಿತು. ಇಂದು ಬೇಡ ಎನ್ನುವವರ ಮಕ್ಕಳೂ ನಾಳೆ ಅದರ ಫಲ ಉಣ್ಣುತ್ತಾರೆ. ಹಾಗಾಗಿ ಆ ವಾದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ.

ನನಗೆ ಇದಕ್ಕಿಂತ ಹತ್ತಿರವೆನಿಸುವುದು ಮೊರಾಕ್ಕೊದ ಸುಲಾಲಿಯಾತ್, ಅಂದರೆ ಸಾಮೂಹಿಕ ಜಮೀನಿರುವ ಬುಡಕಟ್ಟುಗಳ, ಹೆಂಗಸರ ಕಥೆ. ಅಲ್ಲಿ ಲಕ್ಷಗಟ್ಟಲೆ ಹೆಕ್ಟೇರ್ ಜಮೀನು ಬುಡಕಟ್ಟುಗಳ ಸಾಮೂಹಿಕ ಆಸ್ತಿ. ಊರು ಬೆಳೆದು ಆ ಜಮೀನು ಮಾರಾಟವಾದಾಗ ದುಡ್ಡು ಬಂದದ್ದು ಗಂಡಸರಿಗೆ ಮಾತ್ರ. ವಿಧವೆಯರು, ಮದುವೆಯಾಗದವರು ಅಪ್ಪಂದಿರ ನೆಲ ಬಿಟ್ಟು ಕೊಳೆಗೇರಿ ಸೇರಿದರು. ಕೆನಿತ್ರಾ ಕಡೆಯ ರಕಿಯಾ ಬೆಲ್ಲೋತ್ ಎಂಬ ಸರಕಾರಿ ನೌಕರಿಯ ಹೆಂಗಸು, ಅಣ್ಣತಮ್ಮಂದಿರಿಗೆ ಪಾಲು ಸಿಕ್ಕಿ ತನಗೆ ಸಿಗದಿದ್ದಾಗ ಸುಮ್ಮನಿರಲಿಲ್ಲ. 2007ರಿಂದ ಹೋರಾಟ. ಓದುಬರಹ ಬಾರದ ಹಳ್ಳಿಯ ಹೆಂಗಸರು ರಬಾತಿನ ಸಂಸತ್ತಿನ ಮುಂದೆ ಬಂದು ನಿಂತರು. ಹೆಂಗಸರಿಗೂ ಪಾಲು ಎಂದು 2009ರಲ್ಲಿ ಮೊದಲ ಸರಕಾರಿ ಸುತ್ತೋಲೆ, 2019ರಲ್ಲಿ ಕಾನೂನು. ಅವರ ಪಾಲನ್ನು ಶರೀಅತ್ ಕಸಿದಿರಲಿಲ್ಲ, ಕಸಿದದ್ದು ಊರಿನ ರೂಢಿ. ಶರೀಅತ್ ಆದರೂ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಎನ್ನುತ್ತದೆ. ರೂಢಿ ಸೊನ್ನೆ ಎಂದಿತು, ಉಲಮಾಗಳು ಕಾಲಕಾಲದಿಂದ ನೋಡುತ್ತ ಕೂತಿದ್ದರು.

ಇದನ್ನು ಬರೆಯುವಾಗ ಕೈ ನಡುಗುತ್ತಿದೆ, ಯಾಕೆಂದರೆ ನಮ್ಮ ತಾಯಿ, ಉಮ್ಮನದೂ ಇದೇ ಕಥೆ. ಅಜ್ಜ ತೀರಿಹೋದ ಮೇಲೆ ಮಾವಂದಿರು ಕಾಗದ ತಂದರು. ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ. ಉಮ್ಮ ಸಹಿ ಹಾಕಿದರು. ತವರಿನ ಬಾಗಿಲು ತೆರೆದಿರಲಿ ಎಂದು ಹಾಕಿದರು. ಅಂದು ಮನೆಯಲ್ಲಿ ದುಆ ಮಾಡಲು ಬಂದಿದ್ದ ಒಬ್ಬರೂ, "ಕುರ್‌ಆನ್ ಇವಳಿಗೆ ಪಾಲು ಇಟ್ಟಿದೆ, ಮೊದಲು ಅದನ್ನು ಕೊಡಿ" ಎನ್ನಲಿಲ್ಲ. ಸಮಪಾಲು ಎಂದ ಕೂಡಲೇ ಅಲ್ಲಾಹನ ಕಾನೂನು ಮುಟ್ಟಬೇಡಿ ಎಂದು ಎದ್ದು ನಿಲ್ಲುವವರು, ಅಲ್ಲಾಹನು ಇಟ್ಟ ಆ ಒಂದು ಪಾಲೂ ಅವಳ ಕೈ ಸೇರದಿದ್ದಾಗ ಎಲ್ಲಿದ್ದರು? ಉಮ್ಮನ ಪಕ್ಕದಲ್ಲಿ ಅಂದು ಸನದು ಇರುವ ಒಬ್ಬ ಹೆಂಗಸು ಕೂತಿದ್ದು, ಅವಳ ಮಾತನ್ನು ಜಮಾಅತ್ ಕೇಳಬೇಕಿದ್ದರೆ ಏನಾಗುತ್ತಿತ್ತು ಎಂದು ಎಷ್ಟು ಸಲ ಯೋಚಿಸಿದ್ದೇನೋ.

ಮೊರಾಕ್ಕೊದ ಬಿಗಿ ಗಂಟು ಇನ್ನೂ ಈ ಆಸ್ತಿ ಪಾಲಿನಲ್ಲೇ ಇದೆ. ಗಂಡು ಮಕ್ಕಳಿಲ್ಲದವನು ಸತ್ತರೆ ಒಬ್ಬಳೇ ಮಗಳಿಗೆ ಅರ್ಧ, ಇಬ್ಬರೋ ಹೆಚ್ಚೋ ಇದ್ದರೆ ಎಲ್ಲರಿಗೂ ಸೇರಿ ಮೂರನೇ ಎರಡು. ಉಳಿದವರಿಗೆ ಕೊಟ್ಟು ಮಿಕ್ಕದ್ದು ಅಪ್ಪನ ಅಣ್ಣತಮ್ಮಂದಿರಿಗೋ ಅವರ ಗಂಡುಮಕ್ಕಳಿಗೋ ಹೋಗುತ್ತದೆ. ಇದಕ್ಕೆ ತಅಸೀಬ್ ಎನ್ನುತ್ತಾರೆ. ಹಿಂದೆ ಆ ಚಿಕ್ಕಪ್ಪಂದಿರು ಆ ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. ಈಗ ಎಷ್ಟು ಮಂದಿ ಸಾಕುತ್ತಾರೆ? 2018ರಲ್ಲಿ ನೂರು ಮಂದಿ ಚಿಂತಕರು ಇದನ್ನು ತೆಗೆಯಿರಿ ಎಂದು ಮನವಿ ಮಾಡಿದರು. ಅದೇ ವರ್ಷ, ಉಲಮಾಗಳ ಅಧಿಕೃತ ಸಂಸ್ಥೆಯೊಂದರ ಮಹಿಳಾ ಅಧ್ಯಯನ ಕೇಂದ್ರ ನಡೆಸುತ್ತಿದ್ದ ಡಾ. ಅಸ್ಮಾ ಲಮ್ರಾಬೆತ್, ಆಸ್ತಿಹಕ್ಕಿನ ಸಮಾನತೆಯ ಬಗ್ಗೆ ಮಾತಾಡಿದ್ದಕ್ಕೆ ಎದ್ದ ಗದ್ದಲದಲ್ಲಿ ಹುದ್ದೆ ಬಿಡಬೇಕಾಯಿತು. ಅವರು ಕುರ್‌ಆನನ್ನು ಬಿಟ್ಟು ಮಾತಾಡಿದವರಲ್ಲ, ಅದನ್ನೇ ಹಿಡಿದು ಮಾತಾಡಿದವರು. 2024ರ ಡಿಸೆಂಬರಿನಲ್ಲಿ ಮುದವ್ವನದ ಹೊಸ ತಿದ್ದುಪಡಿ ಪ್ರಸ್ತಾವಗಳು ಬಂದಾಗ ಒಳ್ಳೆಯದು ಬೇಕಾದಷ್ಟಿತ್ತು. ಮನೆಗೆಲಸವೂ ಸಂಸಾರದ ಸಂಪತ್ತಿಗೆ ಹೆಣ್ಣು ಕೊಟ್ಟ ಕೊಡುಗೆ ಎಂದು ಒಪ್ಪಿದರು. ತಅಸೀಬ್ ಪ್ರಶ್ನೆ ಮಾತ್ರ ಉಲಮಾ ಮಂಡಳಿಗೆ ಹೋಯಿತು, ಮಂಡಳಿ ಆಗದು ಎಂದಿತು. ಬೇಕಿದ್ದರೆ ಅಪ್ಪ ಬದುಕಿರುವಾಗಲೇ ಮಗಳಿಗೆ ದಾನವಾಗಿ ಬರೆದುಕೊಡಲಿ ಎಂದಿತು. ಅಂದರೆ ಹಕ್ಕು ಕೇಳಿದವಳಿಗೆ ಮತ್ತೆ ಅಪ್ಪನ ಕರುಣೆಯೇ ಗತಿ. ಅಂಥ ಪ್ರಶ್ನೆ ಬಂದಾಗ ಮಂಡಳಿಯಲ್ಲಿ ಹೆಂಗಸರು ಬೆರಳೆಣಿಕೆಯಷ್ಟಿದ್ದರೆ ಉತ್ತರ ಹೀಗೇ ಬರುತ್ತದೆ.

ಮುರ್ಶಿದಾಗಳು ಸರಕಾರದ ಕೈಗೊಂಬೆಗಳು, ಭಯೋತ್ಪಾದನೆ ತಡೆಯಲು ದೊರೆ ಮಾಡಿದ ಉಪಾಯ ಎಂದು ನನ್ನ ಎಡಪಂಥೀಯ ಗೆಳೆಯರು ಹೇಳುತ್ತಾರೆ. ಇರಬಹುದು. ಆದರೆ ಮಸೀದಿಯ ಮೂಲೆಯಲ್ಲಿ ಕೂತು ತನ್ನ ಗಂಡನ ವಿಷಯ ಹೇಳಿ ಅಳುವವಳಿಗೆ, ಎದುರು ಕೂತವಳ ಸಂಬಳ ಯಾರು ಕೊಡುತ್ತಾರೆ ಎಂಬುದು ಮುಖ್ಯವಲ್ಲ. ನಮ್ಮಲ್ಲಿ ಆ ಮೂಲೆಯೂ ಇಲ್ಲ. ಹೆಂಗಸರು ಮಸೀದಿಗೆ ಬರಬಹುದು ಎಂದು ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದೆ. ನನ್ನ ಊರಿನ ಮಸೀದಿಯಲ್ಲಿ ಅವರಿಗೆ ವುಝೂ ಮಾಡಲು, ಅಂದರೆ ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯಲು, ಒಂದು ನಲ್ಲಿಯೂ ಇಲ್ಲ.

ಈಗ ಕಾಮೆಂಟಿನಲ್ಲಿ "ನೀವು ಆಲಿಮಾ ಅಲ್ಲ, ನಿಮಗೇಕೆ ಈ ಮಾತು" ಎಂದು ಬರೆಯಲು ಹೊರಟವರಿಗೆ ಹೇಳುತ್ತೇನೆ. ನಾನು ಆಲಿಮಾ, ಅಂದರೆ ಧರ್ಮ ಕಲಿತ ವಿದುಷಿ, ಅಲ್ಲ, ಸರಿ. ಪ್ರತಿವರ್ಷ ನೀವೇ ಸನದು ಕೊಟ್ಟು ಕಳಿಸುವ ಆಲಿಮಾಗಳಿದ್ದಾರಲ್ಲ, ಅವರನ್ನು ಕೇಳಿ. ನಿಮ್ಮ ಜಮಾಅತಿನಲ್ಲಿ ತಲಾಖ್, ಜೀವನಾಂಶ, ಆಸ್ತಿಯ ತಕರಾರು ಬಂದಾಗ ಅವರಲ್ಲಿ ಒಬ್ಬರನ್ನಾದರೂ ಕರೆದು ಕೂರಿಸಿ, ಅವರ ಮಾತನ್ನು ಬರೆದುಕೊಂಡು, ಅದರಂತೆ ತೀರ್ಮಾನ ಮಾಡಿದ್ದೀರಾ? ಮಾಡಿದ್ದರೆ ಊರಿನ ಹೆಸರು ಬರೆಯಿರಿ. ಖಂಡಿತ ಬರುತ್ತೇನೆ, ತಂಗಿಯ ಮಗಳನ್ನೂ ಕರೆದುಕೊಂಡು ಬರುತ್ತೇನೆ.