ಮಳೆಗಾದರೂ ಕಾಯಬಹುದು, ಸೂರ್ಯ ಕಾಯಲ್ಲ

ಮೊನ್ನೆ ಅಕ್ಕನ ಮಗ ಮನೆಗೆ ಬಂದಿದ್ದ. ಪಿಯುಸಿ ಹುಡುಗ. ಎಫ್‌1 ಅಂದರೆ ಫಾರ್ಮುಲಾ ಒನ್ ಕಾರ್ ರೇಸಿನ ಹುಚ್ಚು ಹೊಸದಾಗಿ ಹಿಡಿದಿದೆ, ಹಳೆಯ ರೇಸ್‌ಗಳನ್ನೆಲ್ಲ ಹುಡುಕಿ ಹುಡುಕಿ ನೋಡುತ್ತಿದ್ದಾನೆ. 2021ರ ಬೆಲ್ಜಿಯಂ ರೇಸ್ ನೋಡಿ ಉರಿದುಹೋಗಿದ್ದ. "ಮಾಮ, ಮಳೆ ಬಂತು ಅಂದ್ರೆ ನಿಲ್ಲೋವರೆಗೂ ಕಾದು ರಾತ್ರಿ ಓಡಿಸ್ಲಿ. ಇಲ್ಲಾಂದ್ರೆ ಸೋಮವಾರ ಓಡಿಸ್ಲಿ. ಅದೇನು ಟೈಮು ಟೈಮು ಅಂತ ಸಾಯ್ತಾರೆ? ಎಲ್ಲಾ ಟಿವಿಯವರ ಆಟ."

ನಾನೂ ಒಂದು ಕಾಲಕ್ಕೆ ಹೀಗೇ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸಲ್ಲ.

ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಆ ರೇಸನ್ನು ನಾನು ಲೈವ್ ನೋಡಿದವನು. ನೋಡಿದೆ ಅನ್ನೋದಕ್ಕಿಂತ ಕಾದೆ ಅನ್ನಬೇಕು. ಆಗಸ್ಟ್ 29, ಅಲ್ಲಿ ಮಧ್ಯಾಹ್ನ ಮೂರು, ನಮಗೆ ಸಂಜೆ ಆರೂವರೆ. ಕಾಫಿ ಲೋಟ ಹಿಡಿದು ಕೂತೆ. ಕಾರುಗಳು ಸೇಫ್ಟಿ ಕಾರಿನ (ಅಪಾಯವಿದ್ದಾಗ ಎಲ್ಲರನ್ನೂ ನಿಧಾನಕ್ಕೆ ಮುನ್ನಡೆಸುವ ಕಾರು) ಹಿಂದೆ ಒಂದಷ್ಟು ಸುತ್ತು ಬಂದು ಗ್ಯಾರೇಜುಗಳ ಮುಂದಿನ ಪಿಟ್ ಲೇನ್‌ಗೆ ವಾಪಸ್ ಹೋದವು. ಆಮೇಲೆ ಮಳೆ, ಮಳೆ, ಮಳೆ. ರೇಸಿಗೆ ಇದ್ದ ಮೂರು ಗಂಟೆಯ ಗಡಿಯಾರವನ್ನೂ ನಡುವೆ ನಿಲ್ಲಿಸಿದರು. ಕೊನೆಗೆ ನಮ್ಮ ಸಮಯ ಒಂಬತ್ತೂಮುಕ್ಕಾಲಿನ ಹೊತ್ತಿಗೆ ಮತ್ತೆ ಸೇಫ್ಟಿ ಕಾರಿನ ಹಿಂದೆ ಒಂದು ಪುಟ್ಟ ಮೆರವಣಿಗೆ, ಮತ್ತೆ ಓಟ ನಿಲ್ಲಿಸುವ ಕೆಂಪು ಬಾವುಟ, ಮುಗೀತು. ಫಲಿತಾಂಶಕ್ಕೆ ತೆಗೆದುಕೊಂಡಿದ್ದು ಒಂದೇ ಒಂದು ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಸುತ್ತು. ವರ್ಸ್ಟಾಪನ್ ಗೆದ್ದ, ಮಾಮೂಲಿ ಪಾಯಿಂಟ್‌ಗಳಲ್ಲಿ ಅರ್ಧದಷ್ಟು ಹಂಚಿದರು. ಒಂದು ಓವರ್‌ಟೇಕ್ ಕೂಡ ಇಲ್ಲ. ಅಲ್ಲಿ ಗುಡ್ಡದ ಮೇಲೆ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ನೆನೆಯುತ್ತಾ ನಿಂತವರ ಮುಖ ಈಗಲೂ ನೆನಪಿದೆ. ನನಗಾದರೂ ತಲೆ ಮೇಲೆ ಸೂರು ಇತ್ತು.

ಹುಡುಗ ಹೇಳೋದು ಸೋಮವಾರ ಓಡಿಸಬೇಕಿತ್ತು ಅಂತ. ಟ್ರ್ಯಾಕ್ ಪಕ್ಕ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳಲ್ಲಿ ಹೆಚ್ಚಿನವರು ಸ್ವಯಂಸೇವಕರು. ರಜೆ ಹಾಕಿ ಬಂದವರು. ಸೋಮವಾರ ಅವರಿಗೆ ಕೆಲಸ ಇರುತ್ತದೆ. ಅವರಿಲ್ಲದೆ ಒಂದು ಕಾರೂ ಹೊರಡುವ ಹಾಗಿಲ್ಲ. ಅದೂ ಅಲ್ಲದೆ ಮುಂದಿನ ಭಾನುವಾರವೇ ನೆದರ್ಲೆಂಡ್ಸಿನ ಝಾಂಡ್ವೂರ್ಟ್‌ನಲ್ಲಿ ರೇಸ್ ಇತ್ತು. ಭಾನುವಾರ ರಾತ್ರಿಯೇ ಗ್ಯಾರೇಜು ಕಳಚಿ ಲಾರಿಗೆ ಹೇರಬೇಕು. ಊರ ಜಾತ್ರೆಯ ಅಂಗಡಿಯವರು ಮುಂದಿನ ಊರ ಜಾತ್ರೆಗೆ ಹೊರಡೋ ಹಾಗೆ.

ಟಿವಿಯ ಪಾತ್ರ ಇಲ್ಲವೇ ಇಲ್ಲ ಅಂತ ನಾನು ವಾದ ಮಾಡಲ್ಲ. 2018ರಲ್ಲಿ ರೇಸ್ ಶುರುವಾಗುವ ಹೊತ್ತನ್ನು ಗಂಟೆಗೆ ಸರಿಯಾಗಿ ಇಡದೆ ಹತ್ತು ನಿಮಿಷ ಮುಂದೆ ಹಾಕಿದರು. ಗಂಟೆಗೆ ಸರಿಯಾಗಿ ಕಾರ್ಯಕ್ರಮ ಶುರು ಮಾಡುವ ಚಾನೆಲ್‌ಗಳಿಗೆ ಸ್ಟಾರ್ಟ್ ತಪ್ಪಬಾರದು ಅಂತ. 2021ಕ್ಕೆ ಮತ್ತೆ ಹಳೆಯ ಲೆಕ್ಕಕ್ಕೆ ಬಂದರು. ಟಿವಿ ಬೇಡಿದ್ದು ಹತ್ತು ನಿಮಿಷವಾದರೆ ಯಾರಿಗೂ ನಷ್ಟವಿಲ್ಲ. ಗಂಟೆಗಟ್ಟಲೆ ಬೇಡಿದಾಗ ಏನಾಗುತ್ತದೆ ಅನ್ನೋದಕ್ಕೆ 2009ರ ಮಲೇಷ್ಯಾ ರೇಸ್ ಇದೆ.

ಯುರೋಪಿನವರು ಬೆಳಗ್ಗೆ ಆರಾಮಾಗಿ ಎದ್ದು ನೋಡಲಿ ಅಂತ ಸೆಪಾಂಗ್‌ನಲ್ಲಿ ರೇಸನ್ನು ಸಂಜೆ ಐದಕ್ಕೆ ಇಟ್ಟರು. ಅಲ್ಲಿ ಸಂಜೆ ಅಂದರೆ ಗುಡುಗು ಮಳೆಯ ಹೊತ್ತು. ನಮ್ಮ ಏಪ್ರಿಲ್ ಮಳೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಂತು ನೋಡಿ, ಆಕಾಶಕ್ಕೆ ತೂತು ಬಿದ್ದ ಹಾಗೆ. ಕೆಂಪು ಬಾವುಟ ಹಾರಿತು. ಮಳೆ ನಿಲ್ಲೋವರೆಗೆ ಕಾಯೋಣ ಅಂದರೆ ಅಷ್ಟರಲ್ಲಿ ಬೆಳಕೇ ಹೋಗುತ್ತಿತ್ತು. ದೀಪದ ವ್ಯವಸ್ಥೆ ಇಲ್ಲದ ಟ್ರ್ಯಾಕ್. ಜೆನ್ಸನ್ ಬಟನ್ ಗೆದ್ದ ಅಂತ ಹೇಳಿ ಅರ್ಧದಷ್ಟು ಪಾಯಿಂಟ್ ಕೊಟ್ಟು ಮನೆಗೆ ಕಳಿಸಿದರು. ಆವತ್ತು ಜನಕ್ಕೆ ನೆನಪಲ್ಲಿ ಉಳಿದಿದ್ದು ಡ್ರೈವರ್ ರೈಕೊನೆನ್ ಬಟ್ಟೆ ಬದಲಿಸಿಕೊಂಡು ಬಂದು ಐಸ್‌ಕ್ರೀಂ ತಿಂದಿದ್ದು ಮಾತ್ರ.

ಅದು ನಕ್ಕು ಮರೆಯುವ ಕತೆ. ಸುಝುಕಾದ್ದು ಹಾಗಲ್ಲ. 2014ರ ಅಕ್ಟೋಬರ್ 5, ಜಪಾನಿನತ್ತ ಚಂಡಮಾರುತ ಬರುತ್ತಿತ್ತು. ರೇಸ್ ಮಧ್ಯಾಹ್ನ ಮೂರಕ್ಕೆ. ಆ ತಿಂಗಳಲ್ಲಿ ಅಲ್ಲಿ ಐದೂವರೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ರೇಸಿನ ಕೊನೆಕೊನೆಗೆ ಮಬ್ಬು, ಮಳೆ. ಜೂಲ್ಸ್ ಬಿಯಾಂಕಿಯ ಕಾರು ಜಾರಿ, ಇನ್ನೊಂದು ಕಾರನ್ನು ಎತ್ತಲು ಬಂದಿದ್ದ ಕ್ರೇನಿನ ವಾಹನಕ್ಕೆ ಬಡಿಯಿತು. ಒಂಬತ್ತು ತಿಂಗಳು ಪ್ರಜ್ಞೆ ಬರಲಿಲ್ಲ. 2015ರ ಜುಲೈ 17ರಂದು ತೀರಿಕೊಂಡ. ಇಪ್ಪತ್ತೈದು ವರ್ಷದ ಹುಡುಗ. ಹೊತ್ತು ಮೀರಿದ್ದೇ ಕಾರಣ ಅಂತ ತನಿಖೆ ಮಾಡಿದ ಸಮಿತಿ ಹೇಳಲಿಲ್ಲ, ನಾನೂ ಹೇಳಲ್ಲ. ಆದರೆ ಅವರು ಮಾಡಿದ ಶಿಫಾರಸುಗಳಲ್ಲಿ ಒಂದು ಇದು: ರಾತ್ರಿ ರೇಸ್ ಬಿಟ್ಟು ಉಳಿದದ್ದೆಲ್ಲ ಸೂರ್ಯ ಮುಳುಗೋದಕ್ಕೆ ಕನಿಷ್ಠ ನಾಲ್ಕು ಗಂಟೆ ಮೊದಲು ಶುರುವಾಗಬೇಕು. ಮುಂದಿನ ವರ್ಷ ಸುಝುಕಾ ರೇಸ್ ಎರಡು ಗಂಟೆಗೇ ಹೊರಟಿತು.

ನಾಲ್ಕು ಗಂಟೆ ಯಾಕೆ ಅಂತ ಅಕ್ಕನ ಮಗ ಕೇಳಿದ. ಕೆನಡಾ 2011 ಹಾಕಿ ತೋರಿಸಿದೆ. ಅದೂ ಮಳೆಯ ರೇಸ್. ನಮಗೆ ರಾತ್ರಿ ಹತ್ತೂವರೆಗೆ ಶುರುವಾಗಿದ್ದು ಮುಗಿಯುವಾಗ ಎರಡೂವರೆ ದಾಟಿತ್ತು. 4 ಗಂಟೆ 4 ನಿಮಿಷ 39 ಸೆಕೆಂಡ್! ಕೊನೆಯ ಲ್ಯಾಪಿನಲ್ಲಿ ವೆಟ್ಟೆಲ್ ಜಾರಿ, ಬಟನ್ ಗೆದ್ದ. ಮರುದಿನ ಆಫೀಸಿನಲ್ಲಿ ನಾನು ತೂಕಡಿಸಿದ್ದು ಬೇರೆ ಮಾತು. ಆಗ ಓಡುವ ಸಮಯಕ್ಕೆ ಎರಡು ಗಂಟೆಯ ಮಿತಿ ಇತ್ತು, ನಿಂತ ಸಮಯಕ್ಕೆ ಇರಲಿಲ್ಲ. ಮುಂದಿನ ವರ್ಷ ಒಟ್ಟು ನಾಲ್ಕು ಗಂಟೆ ಅಂತ ಗೆರೆ ಎಳೆದರು. 2021ಕ್ಕೆ ಅದನ್ನು ಮೂರಕ್ಕೆ ಇಳಿಸಿದರು. ಸಿಂಗಾಪುರದಲ್ಲಂತೂ ಎರಡು ಗಂಟೆ ಆಯ್ತು ಅಂತ 2017ರಲ್ಲಿ 61 ಲ್ಯಾಪಿನ ರೇಸನ್ನು 58ಕ್ಕೇ ಮುಗಿಸಿದ್ದಾರೆ.

ಮದುವೆ ಮನೆಯಲ್ಲಿ ತಿಂಡಿ ತಡವಾಗುತ್ತದೆ, ವಾಲಗದವರು ತಡವಾಗಿ ಬರುತ್ತಾರೆ, ಮದುಮಗನ ಕಡೆಯವರ ಬಸ್ಸೇ ತಡ. ಧಾರೆ ಮಾತ್ರ ಮುಹೂರ್ತಕ್ಕೆ ಆಗಬೇಕು. ಪುರೋಹಿತರು ಕೂಗಾಡಿಯಾದರೂ ಮಾಡಿಸುತ್ತಾರೆ. ರೇಸಿನವರ ಮುಹೂರ್ತ ನೋಡುವುದು ಸೂರ್ಯನನ್ನು, ಹೆಲಿಕಾಪ್ಟರನ್ನು. ಹೌದು, ಹೆಲಿಕಾಪ್ಟರ್. 2020ರ ಅಕ್ಟೋಬರ್ 9ರಂದು ಜರ್ಮನಿಯ ನೂರ್ಬುರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಎರಡು ಪ್ರಾಕ್ಟೀಸ್‌ಗಳನ್ನೂ ರದ್ದು ಮಾಡಿದರು. ಮಂಜು ಮುಸುಕಿ, ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರ್ ಹಾರುವ ಹಾಗಿರಲಿಲ್ಲ. ಶೂಮಾಕರ್ ಮಗ ಮಿಕ್ ಆವತ್ತು ಮೊದಲ ಸಲ ಎಫ್‌1 ಪ್ರಾಕ್ಟೀಸಿಗೆ ಇಳಿಯಬೇಕಿತ್ತು. ಸುಮ್ನೆ ಗ್ಯಾರೇಜಿನಲ್ಲೇ ಉಳಿದ. ಪಾಪ.

ಇನ್ನೊಂದು ವಿಷಯವನ್ನು ಎಫ್‌1 ನೋಡುವವರೇ ಮರೆಯುತ್ತಾರೆ. ಹಲವು ಕಡೆ ಅದೇ ಟ್ರ್ಯಾಕಿನಲ್ಲಿ ಅದೇ ದಿನ ಕೆಳಗಿನ ದರ್ಜೆಯ ಎಫ್‌2, ಎಫ್‌3 ಹುಡುಗರೂ ಓಡಬೇಕು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಗೆದ್ದಿದ್ದು ಅಂಥದೇ ಒಂದು ಎಫ್‌2 ಸ್ಪ್ರಿಂಟ್ ರೇಸ್, ಅಂದರೆ ಚಿಕ್ಕ ರೇಸ್. ದೊಡ್ಡವರ ಪ್ರಾಕ್ಟೀಸ್ ಒಂದು ಗಂಟೆ ತಡವಾದರೆ ಕತ್ತರಿ ಬೀಳುವುದು ಇವರ ರೇಸಿಗೆ. ಅದಕ್ಕೇ ಪ್ರಾಕ್ಟೀಸಿನಲ್ಲಿ ಕೆಂಪು ಬಾವುಟ ಬಂದರೂ ಸಾಮಾನ್ಯವಾಗಿ ಗಡಿಯಾರ ಓಡುತ್ತಲೇ ಇರುತ್ತದೆ. 2011ರಲ್ಲಿ ಗ್ರೇಟರ್ ನೊಯ್ಡಾದ ಮೊದಲ ಪ್ರಾಕ್ಟೀಸಿಗೆ ನಾಯಿಯೊಂದು ನುಗ್ಗಿತ್ತಲ್ಲ, ಆ ನಾಯಿ ತಿಂದ ನಿಮಿಷಗಳನ್ನು ಯಾರೂ ವಾಪಸ್ ಕೊಡಲ್ಲ. ರೇಸಿನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಮಾತ್ರ ಗಡಿಯಾರ ನಿಲ್ಲಿಸುತ್ತಾರೆ, ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ ಅಂತ.

ಆ ಗಡಿಯಾರವೂ ಆಟದ ಭಾಗವೇ ಅನ್ನೋದಕ್ಕೆ ಇಟಲಿಯ ಮೊಂಜಾದಲ್ಲಿ 2019ರಲ್ಲಿ ನಡೆದ ಕ್ವಾಲಿಫೈಯಿಂಗ್ ನೋಡಬೇಕು. ಕೊನೆಯ ಲ್ಯಾಪಿಗೆ ಎಲ್ಲರಿಗೂ ಇನ್ನೊಬ್ಬರ ಹಿಂದೆ ಗಾಳಿಯ ಮರೆಯಲ್ಲಿ ಹೋಗುವ ಆಸೆ. ಮುಂದೆ ಹೋಗಲು ಯಾರೂ ತಯಾರಿಲ್ಲ. ನೀನು ಹೋಗು, ನೀನು ಹೋಗು ಅಂತ ಮದುವೆ ಊಟದ ಮೊದಲ ಪಂಕ್ತಿಗೆ ಸಂಕೋಚ ಪಡೋರ ಹಾಗೆ ತೆವಳಿದರು. ಸಮಯ ಮುಗಿಯುವ ಮೊದಲು ಗೆರೆ ದಾಟಿದ್ದು ಲೆಕ್ಲರ್ಕ್ ಮತ್ತು ಸೈನ್ಜ್ ಇಬ್ಬರೇ. ಉಳಿದವರಿಗೆ ಲ್ಯಾಪೇ ಇಲ್ಲ! ಜಗತ್ತಿನ ಅತಿ ವೇಗದ ಡ್ರೈವರ್‌ಗಳು ನಿಧಾನವಾಗಿ ಹೋಗಿ ಬಸ್ ತಪ್ಪಿಸಿಕೊಂಡರು.

ಹೊತ್ತನ್ನು ಹಿಗ್ಗಿಸಿದ್ದೂ ಇದೆ. 2023ರ ಲಾಸ್ ವೇಗಸ್‌ನಲ್ಲಿ ರಸ್ತೆಯ ಒಂದು ಮುಚ್ಚಳ ಎದ್ದು ಸೈನ್ಜ್‌ನ ಫೆರಾರಿಯ ತಳ ಒಡೆಯಿತು. ಮೊದಲ ಪ್ರಾಕ್ಟೀಸ್ ಕೆಲವೇ ನಿಮಿಷಕ್ಕೆ ಬಂದ್. ಎರಡನೆಯದು ಶುರುವಾಗಿದ್ದು ರಾತ್ರಿ ಎರಡೂವರೆಗೆ. ಕೆಲಸಗಾರರ ಪಾಳಿಯ ತೊಂದರೆ ಅಂತ ಅಷ್ಟು ಹೊತ್ತಿಗೆ ಪ್ರೇಕ್ಷಕರನ್ನೇ ಹೊರಗೆ ಕಳಿಸಿದ್ದರು. ದುಡ್ಡು ಕೊಟ್ಟವರು ಹೋಟೆಲಿನಲ್ಲಿ, ಕಾರುಗಳು ಖಾಲಿ ಸ್ಟ್ಯಾಂಡಿನ ಮುಂದೆ. ನಮಗೆ ಆಗ ಶುಕ್ರವಾರ ಸಂಜೆ ನಾಲ್ಕು, ಚಹಾದ ಹೊತ್ತು.

ನನ್ನ ಕೇಳಿದರೆ, ಹೊತ್ತು ಬದಲಿಸೋದಿದ್ದರೆ ಹಿಂದಕ್ಕೆ ತರಲಿ, ಮುಂದಕ್ಕೆ ತಳ್ಳೋದು ಬೇಡ. 2024ರಲ್ಲಿ ಬ್ರೆಜಿಲಿನಲ್ಲಿ ಹಾಗೇ ಮಾಡಿದರು. ಶನಿವಾರ ಮಳೆಗೆ ಕ್ವಾಲಿಫೈಯಿಂಗ್ ಆಗಲಿಲ್ಲ. ಭಾನುವಾರ ಬೆಳಗ್ಗೆ ಏಳೂವರೆಗೆ ಅದನ್ನು ಮುಗಿಸಿ, ಎರಡು ಗಂಟೆಯ ರೇಸನ್ನು ಹನ್ನೆರಡೂವರೆಗೆ ತಂದರು. ಮಳೆ ಬಂತು, ಕೆಂಪು ಬಾವುಟವೂ ಬಂತು, ಆದರೂ 69 ಲ್ಯಾಪೂ ಹಗಲಲ್ಲೇ ಮುಗಿದವು. 17ನೇ ಸ್ಥಾನದಿಂದ ಹೊರಟ ವರ್ಸ್ಟಾಪನ್ ಗೆದ್ದ. ಒಳ್ಳೆ ರೇಸ್ ಅಂತ ಎಲ್ಲರೂ ಹೇಳಿದರು.

"ನೀವು ನೋಡಿದ್ರಾ ಮಾಮ?" ಅಂದ ಹುಡುಗ.

ನಾನು ಹಳೆಯ ವೇಳಾಪಟ್ಟಿ ನಂಬಿಕೊಂಡು ಊಟ ಮುಗಿಸಿ ಹತ್ತೂವರೆಗೆ ಟಿವಿ ಹಾಕಿದ್ದೆ. ರೇಸ್ ಒಂಬತ್ತಕ್ಕೇ ಇತ್ತು.