ಮೊದ್ಲು ಹಳೇದು ಕೆರೀಬೇಕಿತ್ತು, ಅಷ್ಟೇ ನಾನು ಹೇಳಿದ್ದು

"ಸರ್‌ಗೆ ಹೇಳ್ತೇನೆ ಬಿಡಿ ಅಕ್ಕೋರೆ, ನಿಮಗೆ ಇದೆಲ್ಲ ತಿಳಿಯೂದಲ್ಲ."

ಮಧ್ಯಾಹ್ನದಿಂದ ಗ್ಯಾರೇಜಿನವನ ಇದೊಂದೇ ಮಾತು ತಲೆ ಒಳಗೆ ಗುಂಯ್ ಅಂತಾ ಇದೆ. ಊಟ ಸೇರ್ಲಿಲ್ಲ, ಮಲಗಿದ್ರೆ ಕಣ್ಣು ಮುಚ್ಚೂದಿಲ್ಲ, ಹೊರಗೆ ಮಳೆ ಹೊಡೀತಾ ಇದೆ, ಅಂಗಳದಲ್ಲಿ ಗಾಡಿ ನಿಂತಿದೆ, ಅದರೊಳಗೆ ಫ್ಯಾನ್ ಕೆಳಗೆ ಒಂದು ಬಕೆಟ್, ಮಂಚದ ಮೇಲೆ ಒಂದು ಪಾತೇಲಿ. 18,000 ಕೊಟ್ಟು ಅವನ ಹತ್ರ ನೀರು ಸೋರದ ಹಾಗೆ ಟಾಪ್ ಸೀಲ್ ಮಾಡಿಸಿ ಇನ್ನೂ ಒಂದು ತಿಂಗಳು ತುಂಬ್ಲಿಲ್ಲ.

ಯಾವ ಸರ್? ನಮ್ಮನೆಯವರು ಆ ಗಾಡಿ ಟಾಪ್ ಮೇಲೆ ಒಂದು ದಿನ ಹತ್ತಿದವರಲ್ಲ. ಮೊಣಕಾಲು ಆಪರೇಶನ್ ಆದವರು, ಏಣಿ ಮುಟ್ಟಿದ್ರೆ ನಾನೇ ಬೈತೇನೆ. ಹತ್ತಿದ್ದು ನಾನು, ನೀರು ಎಲ್ಲಿ ಇಳೀತದೆ ಅಂತ ಹುಡುಕಿದ್ದು ನಾನು. 33 ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದ ದುಡ್ಡಲ್ಲಿ ಆ ಟೆಂಪೋ ಟ್ರಾವೆಲರ್ ಮೋಟರ್‌ಹೋಮ್, ಒಳಗೇ ಮಲಗಿ ಉಳಿಯೋ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡವಳೂ ನಾನೇ. ಆರ್‌ಸಿಲಿ ಹೆಸರು ನಂದು. ಫೋನ್‌ಪೇಲಿ ಹೋದ ದುಡ್ಡು ನನ್ನ ಖಾತೇದು. ದುಡ್ಡು ತಗೊಳ್ಳುವಾಗ ಅವನಿಗೆ ಸರ್ ಬೇಕಾಗ್ಲಿಲ್ಲ ಅಲ್ವಾ?

ಮೊನ್ನೆ ಶಿರಸಿಯಿಂದ ಬರ್ತಾ ಅರಬೈಲ್ ಘಟ್ಟ ಇಳೀವಾಗ ಶುರುವಾಯ್ತು. ತಿರುವಿಗೆ ಗಾಡಿ ವಾಲಿದ ಹಾಗೆ ಟಾಪ್ ಮೇಲೆ ನಿಂತ ನೀರು ಒಂದೇ ಕಡೆ ಸರಿದು ಒಳಗೆ ಇಳಿದಿದೆ, ನೇರ ಅತ್ತೆಯವರ ಹೆಗಲ ಮೇಲೆ. 84 ವರ್ಷ ಅವರಿಗೆ. ಕಿರುಚಲಿಲ್ಲ ಪಾಪ, "ಎಂತದೋ ತಣ್ಣಗೆ ಆಗ್ತದೆ ಮಗಾ" ಅಂದ್ರು ಅಷ್ಟೇ. ನಾ ನೋಡುವಷ್ಟರಲ್ಲಿ ಹೊದಿಕೆ ಅರ್ಧ ಒದ್ದೆ. ಅಂಕೋಲೆ ಬರೂವರೆಗೂ ಅವರ ಮೇಲೆ ಕೊಡೆ ಹಿಡ್ಕೊಂಡು ಕೂತಿದ್ದೇನೆ. ಗಾಡಿ ಒಳಗೆ, ಕೊಡೆ!

ನಿನ್ನೆ ಸ್ವಲ್ಪ ಹೊಳವಾಯ್ತು, ಏಣಿ ಹಾಕಿ ಹತ್ತಿದೆ. ಟಾಪಿನ ತೂತಿಗೆ ಕೂರಿಸಿದ 14 ಇಂಚಿನ ಫ್ಯಾನ್ ಇದೆಯಲ್ಲ, ಅದರ ಸುತ್ತ ಅವ ಸಂದಿ ಮುಚ್ಲಿಕ್ಕೆ ಹೊಡೆದ ಬಿಳೀ ಸೀಲೆಂಟ್ ನೋಡ್ಲಿಕ್ಕೆ ಚಂದವೇ ಇದೆ, ನುಣ್ಣಗೆ ಬೆರಳಾಡಿಸಿದ್ದಾರೆ. ಒಂದು ಮೂಲೇಲಿ ಉಗುರು ಹಾಕಿ ಎಳೆದೆ. ಹಲಸಿನ ಹಣ್ಣಿನ ಸಾಡೆ ಎದ್ದ ಹಾಗೆ ಒಂದು ಗೇಣು ಉದ್ದ ಸರ್ರನೆ ಎದ್ದು ಬಂತು. ಕತ್ತಿ ಬೇಡ, ಬಲ ಬೇಡ. ತಿರುಗಿಸಿ ನೋಡ್ತೇನೆ, ಅಡಿಮೈಯೆಲ್ಲ ಬೂದು ಧೂಳು, ಕಪ್ಪು ಬೂಷ್ಟು, ಸ್ಕ್ರೂ ತಲೆಯ ತುಕ್ಕು ದುಂಡಗೆ ಅಚ್ಚೊತ್ತಿದೆ, ಅದರ ನಡುವೆ ಗಾಳಿ ಮರದ ಒಂದು ಸೂಜಿ ಎಲೆ ಅಡ್ಡಡ್ಡ ಸಿಕ್ಕಿಕೊಂಡಿದೆ. ಬೀಚ್ ಹತ್ರ ಗಾಳಿ ಮರದ ಬುಡದಲ್ಲಿ ಗಾಡಿ ನಿಲ್ಲಿಸಿದ್ದು ಅವನಿಗೆ ಕೊಡೂದಕ್ಕಿಂತ ಹಿಂದಿನ ವಾರ. ಅಂದ್ರೆ ಕೆರೀಲಿಲ್ಲ ಮಾತ್ರ ಅಲ್ಲ, ಒಂದು ಬಟ್ಟೆ ತಗೊಂಡು ಒರೆಸಲೂ ಇಲ್ಲ. ಕೆಳಗೆ ಹಳೇ ಓನರ್ ಹೊಡೆದ ಸಿಲಿಕಾನ್ ಬಿರುಕು ಬಿಟ್ಟು ಹಾಗೇ ಕೂತಿದೆ.

ಬೆಳಿಗ್ಗೆ ಕೊಟ್ಟ ಗಾಡಿ ಸಂಜೆ 6 ಗಂಟೆಗೆ ವಾಪಸ್ ಬಂದಾಗ್ಲೇ ನನಗೆ ಸಂಶಯ ಬರಬೇಕಿತ್ತು. ಇವತ್ತು ನಾನೇ ಒಂದು ಮೂಲೆ ಕೆರೆದೆ, 10 ಗಂಟೆಗೆ ಕೂತವಳು 1 ಗಂಟೆಗೆ ಎದ್ದೆ, ಅಷ್ಟರಲ್ಲಿ ಆದದ್ದು ಒಂದು ಮೊಳ. ಹಾಟ್ ಏರ್ ಗನ್ ಸಣ್ಣಕ್ಕೆ ಇಟ್ಟು ಮೆತ್ತಗೆ ಮಾಡ್ಬೇಕು, ಜಾಸ್ತಿ ಆದ್ರೆ ಟಾಪಿನ ಫೈಬರ್ ಹಾಳು. ಪ್ಲಾಸ್ಟಿಕ್ ಪಟ್ಟಿಯಲ್ಲೇ ಎಬ್ಬಿಸ್ಬೇಕು, ಕಬ್ಬಿಣದ್ದು ಹಾಕಿದ್ರೆ ಗೀರು ಬಿದ್ದು ಅಲ್ಲೇ ಮತ್ತೆ ನೀರು. ಎದ್ದ ಮೇಲೂ ಕಣ್ಣಿಗೆ ಕಾಣದ ಜಿಡ್ಡು ಉಳೀತದೆ, ಅದನ್ನ ಸಿಲಿಕಾನ್ ರಿಮೂವರ್ ಹಾಕಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸ್ಬೇಕು. ಯಾಕೆಂದ್ರೆ ಸಿಲಿಕಾನ್ ಮೇಲೆ ಬೇರೆ ಯಾವ್ದೂ ಹಿಡಿಯೂದಿಲ್ಲ, ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನೂ ನೆಟ್ಟಗೆ ಕೂರೂದಿಲ್ಲ. ಫ್ಯಾನಿನ ಅಂಚು ಬಿಚ್ಚಿ ಅಡಿಗೆ ಬ್ಯೂಟೈಲ್ ಟೇಪ್, ಅಂದ್ರೆ ಎರಡೂ ಬದಿ ಅಂಟೋ ಮೆತ್ತಗಿನ ರಬ್ಬರ್ ಪಟ್ಟಿ, ಹಾಕ್ಬೇಕು, ಸ್ಕ್ರೂ ಬಿಗೀಬೇಕು, ಆಮೇಲೆ ಮೇಲಿಂದ ತನ್ನಷ್ಟಕ್ಕೆ ಹರಡಿಕೊಳ್ಳೋ ಸೀಲೆಂಟು, ಇಳಿಜಾರು ಅಂಚಿಗೆ ಹರಿಯದ ಜಾತಿಯ ಗಟ್ಟಿ ಸೀಲೆಂಟು. ಇಷ್ಟು ತಿಳಿಯೂದಿಲ್ಲ ನನಗೆ. ಹೌದಾ?

ಆ ಒಂದು ಗೇಣು ಪಟ್ಟಿ ಕವರಿನಲ್ಲಿ ಹಾಕ್ಕೊಂಡು ಹೋದೆ. ಇವರೂ ಬಂದ್ರು. ನಾ ಮುಂದೆ, ಇವರು ಕೋಲು ಊರಿಕೊಂಡು ಹಿಂದೆ. ಗ್ಯಾರೇಜಿನಲ್ಲಿ ಐದಾರು ಜನ ಇದ್ರು, ಒಬ್ಬ ಲಾರಿ ಡ್ರೈವರು, ಇಬ್ಬರು ಬೈಕಿನವರು, ಕೆಲಸದ ಹುಡುಗರು. ನಾನು ಕವರು ಬಿಚ್ಚಿ ಪಟ್ಟಿ ಅವನ ಮುಂದೆ ಹಿಡಿದೆ, "ನೋಡಿ, ಹಳೇದು ಕೆರೀದೆ ಮೇಲಿಂದ ಹೊಡೆದಿದ್ದೀರಿ" ಅಂದೆ. ಜೋರಾಗೇನೂ ಹೇಳ್ಲಿಲ್ಲ. ಅವ ಪಟ್ಟಿ ನೋಡ್ಲಿಲ್ಲ. ನನ್ನ ಮುಖವನ್ನೂ ನೋಡ್ಲಿಲ್ಲ. ನನ್ನ ಹೆಗಲ ಮೇಲಿಂದ ಹಾಯ್ಸಿ ಹಿಂದೆ ಇವರನ್ನ ನೋಡಿ, "ಬನ್ನಿ ಬನ್ನಿ ಸರ್, ಕೂತ್ಕೊಳ್ಳಿ" ಅಂತ ಕುರ್ಚಿ ಒರೆಸಿ ಕೊಟ್ಟ. ನನ್ನ ಕೈ ಹಾಗೇ ಚಾಚಿಕೊಂಡೇ ಇತ್ತು. ಮತ್ತೆ ಹೇಳಿದೆ, "ಇದರ ಅಡಿ ನೋಡಿ, ಧೂಳು ನೋಡಿ." ಆಗ ಬಂತು ಆ ಮಾತು, ಸರ್‌ಗೆ ಹೇಳ್ತೇನೆ ಬಿಡಿ ಅಂತ. ಲಾರಿ ಡ್ರೈವರು ನಕ್ಕ. ಇವರಿಗೆ ಚಾ ಬಂತು, ಒಂದೇ ಗ್ಲಾಸು. ಇವರ ಪಕ್ಕ ನಿಂತ್ಕೊಂಡು ಅವ ಹೇಳ್ತಾನೆ, ನೀವು ಪ್ರೆಶರ್ ವಾಶ್ ಮಾಡ್ಸಿರ್ಬೇಕು ಸರ್, ಘಟ್ಟದಲ್ಲಿ ಓಡಿಸಿದ್ರೆ ಸೀಲ್ ಬಿಡ್ತದೆ ಸರ್, ಇನ್ನೊಂದು ಕೋಟ್ ಹೊಡೀತೇನೆ, 4,000 ಕೊಡಿ ಸಾಕು ಸರ್. ಘಟ್ಟದಲ್ಲಿ ಓಡಿಸಬಾರದು ಅಂದ್ರೆ ಉತ್ತರ ಕನ್ನಡದಲ್ಲಿ ಗಾಡಿ ಎಲ್ಲಿ ಓಡಿಸೂದು? ಕಡಲಿನ ಮೇಲಾ?

ಪಟ್ಟಿ ನನ್ನ ಕೈಯಿಂದ ತಗೊಂಡ, ಕೊನೆಗೂ. ತಗೊಂಡು ನೋಡದೆ ಹಳೇ ಆಯಿಲ್ ಡ್ರಮ್ಮಿಗೆ ಹಾಕಿದ. ಕೈಯಲ್ಲಿ ಹಿಡಿದು ತೋರಿಸ್ಲಿಕ್ಕೆ ನನ್ನ ಹತ್ರ ಇದ್ದ ಒಂದೇ ಸಾಕ್ಷಿ.

ಅಲ್ಲಿ ಒಬ್ಬ ಹುಡುಗ ಇದ್ದ, ನನ್ನ ಹತ್ರ ಏಳನೇ ಕ್ಲಾಸ್ ಕಲಿತವ. ನನ್ನ ಗಾಡಿ ಮೇಲೆ ಹತ್ತಿ ಸೀಲೆಂಟ್ ಗನ್ ಹಿಡಿದವ ಅವನೇ. ತಲೆ ಎತ್ತಲಿಲ್ಲ, ಸ್ಪ್ಯಾನರ್ ಒರೆಸ್ತಾನೇ ಇದ್ದ, ಒರೆಸಿದ್ದನ್ನೇ ಮತ್ತೆ ಒರೆಸ್ತಾ ಇದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಧಣಿ ಹೇಳಿದ್ದು ಮಾಡ್ತಾನೆ. ಅಲ್ಲ, ಸಿಟ್ಟಿದೆ. "ಅಕ್ಕೋರು ಹೇಳಿದ್ದು ಸರಿ" ಅಂತ ಒಂದು ಮಾತು ಅಂದಿದ್ರೆ ಎಂತ ಹೋಗ್ತಿತ್ತು ಅವನಿಗೆ? ಕೆಲಸ ಹೋಗ್ತಿತ್ತು. ಅದೂ ಗೊತ್ತು ನನಗೆ.

ನಮ್ಮನೆಯವರು ಎಂತ ಹೇಳಿದ್ರು ಗೊತ್ತಾ? "ಆಯ್ತು ಬಿಡಿ ಮಾರಾಯ್ರೆ, ಮಳೆ ಬಿಟ್ಟ ಮೇಲೆ ನೋಡುವ." ಚಾ ಕುಡಿದು ಮುಗಿಸಿ ಹೇಳಿದ್ರು. ಮನೆಗೆ ಬರೂವರೆಗೂ ನಾ ಮಾತಾಡ್ಲಿಲ್ಲ. ಅವರು ಜಗಳಕ್ಕೆ ಹೋಗೋ ಜಾತಿಯಲ್ಲ, 36 ವರ್ಷ ಆಯ್ತು ಗೊತ್ತಿದ್ದದ್ದೇ, ಆದ್ರೆ ಇವತ್ತು ಒಂದು ದಿನ "ಅವಳ ಹತ್ರ ಮಾತಾಡಿ, ಗಾಡಿ ಅವಳದ್ದು" ಅನ್ನಬಹುದಿತ್ತು. ಅಷ್ಟೂ ಬರ್ಲಿಲ್ಲ ಬಾಯಲ್ಲಿ.

ಯಾರಾದ್ರೂ ಉತ್ತರ ಕೊಡಿ ನನಗೆ. ಇದನ್ನ ಓದುವವರಲ್ಲಿ ಗಾಡಿ ಬಾಡಿ ಕೆಲಸದವರು ಇದ್ದೇ ಇದ್ದೀರಿ. ಹಳೇದು ತೆಗೀಲಿಕ್ಕೂ ಸೇರಿಸಿ ದುಡ್ಡು ಮಾತಾಡಿ, ತೆಗೀದೆ ಮುಚ್ಚಿಬಿಡೂದು ನಿಮ್ಮಲ್ಲಿ ಮಾಮೂಲಾ? ಟಾಪ್ ಮೇಲೆ ಗಿರಾಕಿ ಹತ್ತಿ ನೋಡೂದಿಲ್ಲ ಅಂತ ಧೈರ್ಯವಾ? ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೆ ಕಡಿಮೆ ಇಲ್ಲದೆ ಮಳೆ ಬೀಳ್ತದೆ, ಇಲ್ಲಿ ಹುಟ್ಟಿ ಬೆಳೆದವನಿಗೆ ನೀರು ಎಂಥ ಸಂದಿಯಿಂದ್ಲೂ ಬರ್ತದೆ ಅಂತ ಗೊತ್ತಿಲ್ವಾ? ಸೀಲ್ ಹತ್ರ ಹೊಕ್ಕ ನೀರು ಅಲ್ಲೇ ಬೀಳೂದಿಲ್ಲ, ಪ್ಲೈವುಡ್ ಮೇಲೆ ಹರಿದು ಎಲ್ಲೋ ಒಂದು ಕಡೆ ತೊಟ್ಟಿಕ್ಕೂದು. ಮಂಚದ ಮೇಲಿನ ಸೀಲಿಂಗ್ ಬೆರಳಲ್ಲಿ ಒತ್ತಿದ್ರೆ ನೆಂದ ಬ್ರೆಡ್ಡಿನ ಹಾಗೆ ಒಳಗೆ ಹೋಗ್ತದೆ ಈಗ. ಅದರ ಖರ್ಚು ಯಾರದ್ದು?

ಬೈತಕೋಲ್ ಬಂದರಿನಲ್ಲಿ ಫೈಬರ್ ಬೋಟ್ ರಿಪೇರಿ ಮಾಡೋರೊಬ್ಬರಿಗೆ ಸಂಜೆ ಫೋನ್ ಮಾಡಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಬೋಟು ದಡಕ್ಕೆ ಅಲ್ವಾ, ಅವರಿಗೆ ಇದೇ ಸೀಸನ್ನು. ಕೇಳಿದ ಕೂಡ್ಲೆ ಅಂದ್ರು, "ಹಳೇದು ಗ್ರೈಂಡ್ ಮಾಡದೆ ಹೊಸ ಫೈಬರ್ ಮ್ಯಾಟ್ ಹಾಕಿದ್ರೆ ನಾನು ಕಡಲಿಗೆ ಜನ ಕಳಿಸಿದ್ದಲ್ಲ ಅಕ್ಕೋರೆ, ಕೊಂದದ್ದು." ಯಾರಿಗೆ ಹೇಳ್ಬೇಕು, ಸರ್ ಎಲ್ಲಿ ಅಂತ ಕೇಳ್ಲಿಲ್ಲ ಅವರು. ಕೇಳಿ ಕಣ್ಣಲ್ಲಿ ನೀರು ಬಂತು ನನಗೆ, ಇಷ್ಟು ಸಣ್ಣ ವಿಷಯಕ್ಕೆ.

ಗ್ರಾಹಕರ ಆಯೋಗಕ್ಕೆ ಹಾಕ್ತೇನೆ ಅಂತ ಊಟದ ಹೊತ್ತಿಗೆ ಹೇಳಿದೆ. ಇಲ್ಲೇ ಕಾರವಾರದಲ್ಲೇ ಇದೆ, 5 ಲಕ್ಷದವರೆಗೆ ಫೀಸೂ ಇಲ್ಲ, 2 ವರ್ಷದೊಳಗೆ ಹಾಕಿದ್ರಾಯ್ತು. ಬಿಲ್ ಕೊಡ್ಲಿಲ್ಲ ಅವ, ಬಿಲ್ ಕೊಡದೇ ಇರೂದೇ 2019ರ ಗ್ರಾಹಕರ ರಕ್ಷಣೆ ಕಾಯ್ದೆಯಲ್ಲಿ ತಪ್ಪು. ಫೋನ್‌ಪೇ ಲೆಕ್ಕ ಇದೆ, ಟಾಪಿನ ಫೋಟೋ ಇದೆ. ಆಮೇಲೆ ಅನ್ನಿಸ್ತದೆ, ಯಾರು ಓಡಾಡೂದು, ಈ ವಯಸ್ಸಿಗೆ ಬೇಡ, ಹೋದದ್ದು ಹೋಯ್ತು, 18,000ದಲ್ಲಿ ಬುದ್ಧಿ ಬಂತು ಅಂದ್ಕೊಳ್ಳುವ ಅಂತ. ಹಾಗೆ ಅಂದ್ಕೊಂಡು ಮಗ್ಗುಲು ಬದಲಿಸಿದ್ರೆ ಮತ್ತೆ ಆ ಡ್ರೈವರ್ ನಕ್ಕದ್ದು ಕಾಣ್ತದೆ. ಬಿಡೂದಿಲ್ಲ ನಾನು. ಸೋಮವಾರ ಹೋಗ್ತೇನೆ.

ಮಳೆಯಲ್ಲಿ ಸೀಲೆಂಟು ಹಾಕ್ಲಿಕ್ಕೆ ಬರೂದಿಲ್ಲ, ಒಣ ಮೈ ಬೇಕು. ಅಲ್ಲಿವರೆಗೆ ತಾಡಪಾಲೇ ಗತಿ. ಬ್ಯೂಟೈಲ್ ಟೇಪು ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗ್ತದೆ ಗೊತ್ತಿದ್ದವರು ತಿಳಿಸಿ, ಮಗಳು ಬರುವಾಗ ತರ್ತಾಳೆ. ಕೆರೆಯೂದು ನಾನೇ ಮಾಡ್ತೇನೆ, ಒಂದು ಮೊಳ ಆಗಿದೆ, ಇನ್ನೂ ಮೂರು ಬದಿ ಇದೆ.

ಗಾಳಿ ಜೋರಾಯ್ತು, ತಾಡಪಾಲು ಒಂದು ಬದಿ ಬಿಚ್ಚಿಕೊಂಡು ಪಟಪಟ ಬಡೀತಾ ಇದೆ. ಹಗ್ಗ ಬಿಗಿದು ಬಕೆಟ್ ಚೆಲ್ಲಿ ಬರ್ತೇನೆ.