ವಿಮೆ ಬಿಲ್ಲಿನಲ್ಲಿ ಮಣ್ಣಿಗೊಂದು ಸಾಲು

ನಾನಿರುವುದು ಅಮೆರಿಕದ ಅಯೋವಾದಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ, ಸೋಯಾ. ಕಳೆದ ಆಗಸ್ಟಿನಲ್ಲಿ ಪರಿಚಯದ ರೈತರೊಬ್ಬರು ತಮ್ಮ ಬೆಳೆ ವಿಮೆಯ ಬಿಲ್ಲು ತೋರಿಸಿದರು. ಕಂತಿನ ಮೊತ್ತದ ಕೆಳಗೊಂದು ಸಾಲಿತ್ತು. ಹೊದಿಕೆ ಬೆಳೆ, ಅಂದರೆ ಖಾಲಿ ನೆಲ ಮುಚ್ಚಲು ಬಿತ್ತುವ ಬೆಳೆ, ಹಾಕಿದ್ದಕ್ಕೆ ಎಕರೆಗೆ 5 ಡಾಲರ್ ಕಡಿತ. ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮಣ್ಣ ಅಡಿಕೆ ತೋಟದ ಮಣ್ಣಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಮಾಡುತ್ತಾನೆ. ಅವನ ಯಾವ ಕಾಗದದಲ್ಲೂ ಅಂಥದ್ದೊಂದು ಸಾಲಿಲ್ಲ.

ಆ ರೈತರು ಮಾಡುವುದಿಷ್ಟು. ಕೊಯ್ಲಾದ ಮೇಲೆ ಹೊಲ ಖಾಲಿ ಬಿಡದೆ ರೈ ಎಂಬ ಧಾನ್ಯ ಬಿತ್ತುತ್ತಾರೆ. ಚಳಿ ಮುಗಿಯುವಾಗ ಬೋಳು ಹೊಲಗಳ ಕಪ್ಪು ಮಣ್ಣು ಹಿಮ ಕರಗಿದ ನೀರಿನ ಜತೆ ಹೊರಟುಬಿಡುತ್ತದೆ. ಇವರ ಹೊಲದಲ್ಲಿ ಹಸಿರು ನಿಂತಿರುತ್ತದೆ. ಒಮ್ಮೆ ಸಲಿಕೆ ಹಾಕಿ ಒಂದು ಹೆಂಟೆ ಎತ್ತಿ ನನ್ನ ಕೈಗೇ ಕೊಟ್ಟರು. ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿತ್ತು. ಮುರಿದರೆ ಕಾಳುಕಾಳಾಗಿ ಉದುರಿತು, ನಡುವೆ ಎರೆಹುಳ ಅಲ್ಲಾಡಿತು. ಈ ಕಡಿತ 2017ರಲ್ಲಿ ಶುರುವಾದದ್ದು. ದುಡ್ಡು ವಿಮೆ ಕಂಪನಿಯದಲ್ಲ, ರಾಜ್ಯ ಸರ್ಕಾರದ್ದು.

ಈಗ ನಮ್ಮ ಅಡಿಕೆಗೆ ಬನ್ನಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ. ರೈತ ಕಟ್ಟುವುದು ಅದರ ಶೇ. 5, ಅಂದರೆ 6,400. ಸೊಪ್ಪು ಹಾಸಿ, ನೀರು ಬಸಿಯಲು ಕಾಲುವೆ ತೆಗೆದು, ಬುಡಕ್ಕೆ ಗೊಬ್ಬರ ಕೊಟ್ಟು ತೋಟ ಇಟ್ಟುಕೊಂಡವನೂ 6,400 ಕಟ್ಟುತ್ತಾನೆ. ಕಳೆನಾಶಕ ಹೊಡೆದು ನೆಲವನ್ನು ಕೆಂಪಗೆ ಬೋಳು ಮಾಡಿ, ಜೂನ್ ಮಳೆಗೆ ಮೇಲ್ಮಣ್ಣು ಹಳ್ಳಕ್ಕೆ ಬಿಟ್ಟವನೂ 6,400 ಕಟ್ಟುತ್ತಾನೆ. ಮಂಡಿಗೆ ಹೋದರೂ ಅದೇ. ಅಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆ ನೋಡಿ ರೇಟು ಹಾಕುತ್ತಾರೆ. ಅದು ಎಂಥ ನೆಲದಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಅಣ್ಣನ ಲೆಕ್ಕ ಹೀಗಿದೆ. ಬೆಟ್ಟದಿಂದ ಸೊಪ್ಪು, ದರಗು (ಒಣಗಿದ ಎಲೆ) ತರಿಸಬೇಕು. ಕೊಟ್ಟಿಗೆಗೆ ಹಾಸಬೇಕು. ಗೊಬ್ಬರ ಎತ್ತಿಸಿ ತೋಟಕ್ಕೆ ಹೊರಿಸಬೇಕು. ಒಂದೊಂದಕ್ಕೂ ಆಳು ಬೇಕು, ಆಳು ಸಿಗುವುದೇ ಕಷ್ಟ. ದನ ಕಡಿಮೆಯಾದ ಮನೆಗಳು ಬಯಲುಸೀಮೆಯಿಂದ ಲಾರಿಗಟ್ಟಲೆ ಕುರಿಗೊಬ್ಬರ ತರಿಸುತ್ತವೆ. ಇನ್ನೊಂದು ಕಡೆ 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಅದರ ನಿಜವಾದ ಬೆಲೆಯ ಬಹುಪಾಲನ್ನು ಸರ್ಕಾರವೇ ಹೊರುತ್ತದೆ. ಚೀಲಕ್ಕೆ ಸಹಾಯಧನ ಇದೆ, ತಲೆಮೇಲೆ ಹೊತ್ತು ತಂದ ಸೊಪ್ಪಿನ ಹೊರೆಗೆ ಇಲ್ಲ. ಹೀಗಿದ್ದರೆ ಯಾರು ಯಾವುದನ್ನು ಆರಿಸಿಕೊಳ್ಳುತ್ತಾರೆ ಅಂತ ಬೇರೆ ಹೇಳಬೇಕಾ?

ಮಣ್ಣು ಆರೋಗ್ಯ ಕಾರ್ಡು 2015ರಿಂದ ಇದೆ, 12 ಅಂಶಗಳನ್ನು ನೋಡಿ ಕೊಡುತ್ತಾರೆ. ಅಣ್ಣನದೂ ಬಂತು, ಮಾದರಿ ಕೊಟ್ಟು ಎಷ್ಟೋ ಕಾಲದ ಮೇಲೆ. ಹುಳಿ ಜಾಸ್ತಿ, ಸುಣ್ಣ ಹಾಕಿ ಅಂತ ಬರೆದಿತ್ತು. ಸರಿಯಾದ ಮಾತೇ. ನಮ್ಮ ಮಳೆ ಮಣ್ಣಿನ ಸುಣ್ಣದಂಶ ತೊಳೆದು ಒಯ್ಯುತ್ತದೆ, ಹುಳಿ ಮಣ್ಣಿನಲ್ಲಿ ರಂಜಕ ಕಬ್ಬಿಣದ ಜತೆ ಕಟ್ಟಿಕೊಂಡು ಬೇರಿಗೆ ಸಿಗುವುದಿಲ್ಲ. ಅಣ್ಣ ಸುಣ್ಣ ಹಾಕಿದ. ಮಾಡಿದ್ದಾನಾ ಅಂತ ನೋಡಲು ಯಾರೂ ಬರಲಿಲ್ಲ. ರೋಗ ಹೇಳಿ ಕಳಿಸಿದರು, ಔಷಧಿಯ ಖರ್ಚು ಅವನದೇ ಆಯಿತು.

ಊರಿಗೆ ಫೋನ್ ಮಾಡಿದಾಗ, ಮಣ್ಣು ಉಳಿಸಿಕೊಂಡವನಿಗೆ ಸರ್ಕಾರ ಒಂದಿಷ್ಟು ಕೊಡಬೇಕು ಅಂತ ಹೇಳಿದರೆ, ತನ್ನ ತೋಟ ನೋಡಿಕೊಳ್ಳೋಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅನ್ನುತ್ತಾರೆ. ಯಾಕೆಂದರೆ ಖರ್ಚು ಈ ವರ್ಷದ್ದು, ಫಲ ಎಷ್ಟೋ ವರ್ಷದ ಮೇಲಿನದು. ತೋಟದಿಂದ ಹರಿದ ಕೆಂಪು ನೀರು ಬೇಲಿ ದಾಟಿದ ಮೇಲೆ ಪಕ್ಕದವನ ಗದ್ದೆಗೆ, ಹಳ್ಳಕ್ಕೆ, ಕೊನೆಗೆ ಲಿಂಗನಮಕ್ಕಿಗೆ. ಅದನ್ನು ತಡೆದವನಿಗೆ ಊರೆಲ್ಲ ಸೇರಿ ಒಂದಿಷ್ಟು ಕೊಡುವುದು ನ್ಯಾಯ ಅಲ್ವಾ? ನಮ್ಮ ಸರ್ಕಾರಕ್ಕೆ ಇದು ಹೊಸದೂ ಅಲ್ಲ. ಡೇರಿಗೆ ಹಾಲು ಹಾಕಿದರೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಇದೆ. 2004ರಲ್ಲೇ ಸಾವಯವ ಕೃಷಿ ನೀತಿ ಮಾಡಿದ ರಾಜ್ಯ ನಮ್ಮದು. ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯ ಸಾಗರ ತಾಲೂಕಿನ ಇರುವಕ್ಕಿಯಲ್ಲೇ ಇದೆ. ಇಷ್ಟೆಲ್ಲ ಇಟ್ಟುಕೊಂಡು ಸುಮ್ನೆ ಕೂತಿರುವುದು ನನಗೆ ಸಹಿಸಲಾಗುವುದಿಲ್ಲ.

ಅಯೋವಾವನ್ನು ಹೊಗಳಿದ್ದು ಸ್ವಲ್ಪ ಜಾಸ್ತಿಯಾಯಿತು ಅಂತ ಅಣ್ಣ ಅನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಆ 5 ಡಾಲರಿನಲ್ಲಿ ರೈ ಬೀಜದ ಖರ್ಚೂ ಹುಟ್ಟುವುದಿಲ್ಲ. ಇಲ್ಲಿ 2 ಕೋಟಿ ಎಕರೆಗೂ ಮೀರಿ ಮೆಕ್ಕೆಜೋಳ, ಸೋಯಾ ಇದೆ. 2022ರ ಕೃಷಿ ಗಣತಿಯ ಪ್ರಕಾರ ಹೊದಿಕೆ ಬೆಳೆ ಇದ್ದದ್ದು ಸುಮಾರು 13 ಲಕ್ಷ ಎಕರೆ ನೆಲದಲ್ಲಿ. ಹೊಲದಿಂದ ಇಳಿದ ನೈಟ್ರೇಟ್ ಕುಡಿಯುವ ನೀರಿಗೆ ಸೇರಿ, ಡೆಮಾಯಿನ್ ನಗರದ ಜಲ ಸಂಸ್ಥೆ 2015ರಲ್ಲಿ ಕೋರ್ಟಿಗೆ ಹೋಗಿತ್ತು. 2017ರಲ್ಲಿ ಆ ಕೇಸು ವಜಾ ಆಯಿತು. ಮಣ್ಣು ಕೆಡಿಸಿಕೊಂಡ ಮೇಲೆ ಇವರು ಕಣ್ಣು ಬಿಟ್ಟಿದ್ದಾರೆ. ತೋಟದ ಸೊಪ್ಪಿಗೆಂದೇ ಕಾಡಿನ ತುಂಡು, ಅಂದರೆ ಸೊಪ್ಪಿನ ಬೆಟ್ಟ, ಕಾಪಾಡಿಕೊಂಡ ನಮ್ಮ ಅಜ್ಜಂದಿರಿಗೆ ಯಾರೂ ಡಾಲರ್ ಕೊಟ್ಟಿರಲಿಲ್ಲ. ನಮ್ಮ ವಿಮೆ ನೋಡುವುದು ಮಳೆ ಮಾಪಕವನ್ನು, ಮಣ್ಣನ್ನಲ್ಲ ಎಂಬುದೂ ನಿಜ. ಹಾಗಾಗಿ ಕಂತಿನಲ್ಲಿ ಬಿಡುವ ದುಡ್ಡನ್ನು ಕಂಪನಿ ಕೊಡುವುದಿಲ್ಲ, ಸರ್ಕಾರವೇ ತುಂಬಬೇಕು. ಅಯೋವಾದಲ್ಲೂ ಹಾಗೇ ತಾನೆ ಮಾಡಿದ್ದು.

ಒಂದು ಹೋಬಳಿಯಲ್ಲಿ ಶುರು ಮಾಡಲಿ. ನೆಲ ಮುಚ್ಚಿಟ್ಟ ತೋಟಕ್ಕೆ 6,400ರಲ್ಲಿ ಒಂದು ಸಾವಿರ ಕಡಿಮೆ. ಸರ್ವೆ ನಂಬರಿಗೆ ಹೋಗಿ ಫೋಟೊ ತೆಗೆಯುವ ಬೆಳೆ ಸಮೀಕ್ಷೆ ಆ್ಯಪ್ ಆಗಲೇ ರೈತರ ಕೈಯಲ್ಲಿದೆ. ಮಳೆಗಾಲಕ್ಕೆ ಮೊದಲು ಬುಡದ ಇನ್ನೊಂದು ಫೋಟೊ ಸೇರಿಸಿದರೆ ಸಾಕು. ಅಣ್ಣನಿಗೆ ಆ ಸಾವಿರದಿಂದ ಸೊಪ್ಪಿನ ಖರ್ಚು ಹುಟ್ಟುವುದಿಲ್ಲ, ಗೊತ್ತು. ಆದರೆ ಪಕ್ಕದ ತೋಟದವರು ಸೊಪ್ಪು ಬಿಟ್ಟು ಕಳೆನಾಶಕಕ್ಕೆ ಹೋಗೋಣವಾ ಅಂತ ಯೋಚಿಸುತ್ತಿದ್ದಾರೆ. ಅವರು ಒಂದು ವರ್ಷ ತಡೆದಾರು.